ಗುಜರಿಗೆ ಹೋಗಬೇಕಿದ್ದ ಕಾರಿಗೆ ಮರುಜೀವ

1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ದೆಹಲಿಯ ಹರ್ಪಾಲ್ ಸಿಂಗ್ ಎಂಬುವರಿಗೆ ಒಂದು ಕಾರಿನ ಕೀಲಿಕೈಯನ್ನು ಕೊಟ್ಟರು. ಅದು ದೇಶದ ಮೊಟ್ಟಮೊದಲ ಮಾರುತಿ 800. ನೋಂದಣಿ ಸಂಖ್ಯೆ ಡಿಐಎ 6479. ಹರ್ಪಾಲ್ ಸಿಂಗ್ 2010ರಲ್ಲಿ ತೀರಿಕೊಳ್ಳುವವರೆಗೂ ಆ ಕಾರನ್ನು ಮಾರಲಿಲ್ಲ. ಅವರ ನಂತರ ಅದು ಮನೆಯ ಮುಂದೆ ಬಿಸಿಲು ಮಳೆಗೆ ನಿಂತು ತುಕ್ಕು ಹಿಡಿಯಿತು. ಗುಜರಿಯವನಿಗೆ ಹೋಗುವುದೊಂದೇ ಬಾಕಿ ಎನ್ನುವ ಸ್ಥಿತಿಯಲ್ಲಿದ್ದ ಕಾರನ್ನು ಕೊನೆಗೆ ತಯಾರಿಸಿದ ಕಂಪನಿಯೇ ದುರಸ್ತಿ ಮಾಡಿಸಿ, ತನ್ನ ಮುಖ್ಯ ಕಚೇರಿಯಲ್ಲಿ ಇರಿಸಿಕೊಂಡಿದೆ.

ಇಂತಹ ಭಾಗ್ಯ ಎಲ್ಲ ಕಾರುಗಳಿಗೂ ಇಲ್ಲ. ಯಾದಗಿರಿ, ಶಹಾಪುರ, ಸುರಪುರ, ಗುರುಮಠಕಲ್ ಹೀಗೆ ನಮ್ಮ ಭಾಗದ ಯಾವುದೇ ಊರಿನ ಹಳೆಯ ಗ್ಯಾರೇಜಿನ ಹಿಂದೆ ಹೋಗಿ ನೋಡಿ. ಬೇವಿನ ಮರದ ಕೆಳಗೆ ಚಕ್ರವಿಲ್ಲದ ಅಂಬಾಸಿಡರ್ ಒಂದೋ, ಜಾಲಿಗಿಡ ಮುಚ್ಚಿದ ಜೀಪೊಂದೋ ಕಲ್ಲುಗಳ ಮೇಲೆ ನಿಂತಿರುತ್ತದೆ. ಹೆಚ್ಚಿನವರಿಗೆ ಅದು ಕಿಲೋ ಲೆಕ್ಕದಲ್ಲಿ ಮಾರುವ ಕಬ್ಬಿಣ. ಆದರೆ ಕೆಲವರಿಗೆ ಅದನ್ನು ನೋಡಿದರೆ ಕೈ ತುರಿಸುತ್ತದೆ. ಬಿಚ್ಚಬೇಕು, ತೊಳೆಯಬೇಕು, ಜೋಡಿಸಬೇಕು, ಮತ್ತೆ ಓಡಿಸಬೇಕು ಎನ್ನಿಸುತ್ತದೆ. ಹಳೆಯ ವಾಹನಗಳನ್ನು ಮೂಲ ರೂಪಕ್ಕೆ ತರುವ ಈ ಹವ್ಯಾಸ ಇಂದು ಜಗತ್ತಿನ ಎಲ್ಲೆಡೆ ಇದೆ. ಇದು ಕೇವಲ ಶ್ರೀಮಂತರ ಶೋಕಿಯೇ? ಇದರಿಂದ ನಮ್ಮ ಮಕ್ಕಳು ಕಲಿಯುವುದು ಏನಾದರೂ ಇದೆಯೇ?

ನಿಜಾಮರ ಹಳದಿ ರಥ

ಗುರುಮಠಕಲ್ಲಿಗೆ ಬೆಂಗಳೂರಿಗಿಂತ ಹೈದರಾಬಾದು ಬಹಳ ಹತ್ತಿರ. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದವರು. ಇಂದಿಗೂ ಬಟ್ಟೆ ಕೊಳ್ಳಲು, ಆಸ್ಪತ್ರೆಗೆ, ಮದುವೆಗೆ ಹೈದರಾಬಾದಿಗೆ ಹೋಗುವವರು ಚಾರ್‌ಮಿನಾರ್ ನೋಡಿ ಬರುತ್ತಾರೆ. ಮುಂದಿನ ಸಲ ಅಲ್ಲಿಯೇ ಸಮೀಪದಲ್ಲಿರುವ ಚೌಮಹಲ್ಲಾ ಅರಮನೆಗೂ ಮಕ್ಕಳನ್ನು ಕರೆದೊಯ್ಯಿರಿ. ಅಲ್ಲಿ ಹಳದಿ ಬಣ್ಣದ ಒಂದು ರೋಲ್ಸ್‌ರಾಯ್ಸ್ ಕಾರಿದೆ. 1912ರ 'ಸಿಲ್ವರ್ ಘೋಸ್ಟ್' ಮಾದರಿ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್ ಇದನ್ನು ಮಾಡಿಸಲು ಹೇಳಿದರು. ಆದರೆ ಕಾರು ಬರುವ ಮುನ್ನವೇ, 1911ರಲ್ಲಿ ಅವರು ತೀರಿಕೊಂಡರು. ಒಳಗೆ ಸಿಂಹಾಸನದಂತಹ ಆಸನ, ಆರು ಸಿಲಿಂಡರಿನ ಏಳು ಲೀಟರಿಗೂ ಮಿಕ್ಕಿದ ಎಂಜಿನ್. ದೀರ್ಘಕಾಲ ಮೂಲೆ ಸೇರಿದ್ದ ಈ ಕಾರನ್ನು ನುರಿತವರ ಕೈಯಿಂದ ಮತ್ತೆ ಸಿದ್ಧಗೊಳಿಸಿ ಅಲ್ಲಿ ಇರಿಸಲಾಗಿದೆ.

ನಮ್ಮ ರಾಜ್ಯದಲ್ಲೂ ಇಂತಹ ಸಂಗ್ರಹಗಳಿಗೆ ಕೊರತೆಯಿಲ್ಲ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹಾಲಯವನ್ನು ನೋಡಿರಬಹುದು. ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು ವರ್ಷಗಟ್ಟಲೆ ಆಸ್ಥೆಯಿಂದ ಕೂಡಿಟ್ಟ ವಾಹನಗಳು ಅವು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಸಮೀಪ 'ಪಯಣ' ಎಂಬ ಇನ್ನೊಂದು ಸಂಗ್ರಹಾಲಯವೂ ಅವರಿಂದಲೇ ಆರಂಭವಾಗಿದೆ. ಶಾಲಾ ಪ್ರವಾಸದ ಪಟ್ಟಿಯಲ್ಲಿ ಸೇರಿಸಬೇಕಾದ ಸ್ಥಳಗಳಿವು.

ಮಧ್ಯಮ ವರ್ಗದ ಕಾರುಗಳು

ರಾಜ ಮಹಾರಾಜರ ಕಾರು ನಮಗೇಕೆ ಎನ್ನಬಹುದು. ಹವ್ಯಾಸಿಗಳಲ್ಲಿ ಹೆಚ್ಚಿನವರ ಬಳಿ ಇರುವುದು ರೋಲ್ಸ್‌ರಾಯ್ಸ್ ಅಲ್ಲ. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ಜೀಪುಗಳು. ಅಪ್ಪನದೋ ಅಜ್ಜನದೋ ಕಾರು ಮನೆಯಲ್ಲಿಯೇ ಉಳಿದು, ಅದರ ಮೇಲಿನ ಮಮತೆಯಿಂದ ಈ ದಾರಿಗೆ ಬಂದವರು ಬಹಳ ಮಂದಿ.

ಈ ಕಾರುಗಳ ಹಿಂದೆ ಒಂದು ಸ್ವಾರಸ್ಯದ ಚರಿತ್ರೆಯಿದೆ. ಭಾರತದಲ್ಲಿಯೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ, ಅಮೆರಿಕ–ಯುರೋಪುಗಳ ಕಾರ್ಖಾನೆಗಳನ್ನು ನೋಡಿ ಬಂದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಬ್ರಿಟಿಷ್ ಸರ್ಕಾರದ ಸಹಕಾರ ದೊರೆಯಲಿಲ್ಲ. ಅವರೊಡನೆ ಕೈಜೋಡಿಸಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್. ಮುಂದೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಇಟಲಿಯ ಫಿಯೆಟ್ 1100 ಕಾರು ಅಲ್ಲಿ ತಯಾರಾಗಿ, 1970ರ ದಶಕದಲ್ಲಿ 'ಪದ್ಮಿನಿ' ಎಂಬ ಹೆಸರು ಪಡೆಯಿತು. ಅತ್ತ ಬಿರ್ಲಾ ಅವರ ಹಿಂದುಸ್ತಾನ್ ಮೋಟಾರ್ಸ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸ ಪಡೆದು 1957ರಲ್ಲಿ ಅಂಬಾಸಿಡರ್ ಹೊರತಂದಿತು. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರ ಮೇ ತಿಂಗಳಿನಲ್ಲಿ ಅದರ ತಯಾರಿಕೆ ನಿಂತಿತು. ಮುಂಬಯಿಯ ರಸ್ತೆಗಳಲ್ಲಿ ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿಗಳ ಓಡಾಟ 2023ರ ಅಕ್ಟೋಬರ್ 30ಕ್ಕೆ ಕೊನೆಗೊಂಡಿತು. ಒಂದು ಕಾಲಕ್ಕೆ ಜಿಲ್ಲಾಧಿಕಾರಿಗಳಿಂದ ಮದುವೆ ದಿಬ್ಬಣದವರೆಗೆ ಎಲ್ಲರನ್ನೂ ಹೊತ್ತ ಈ ವಾಹನಗಳು ಈಗ ಉಳಿಯುವುದಿದ್ದರೆ ಹವ್ಯಾಸಿಗಳ ಕೈಯಲ್ಲಿಯೇ.

ಗ್ಯಾರೇಜಿನಲ್ಲೊಂದು ಪ್ರಯೋಗಶಾಲೆ

ಹಳೆಯ ಕಾರಿನ ದೊಡ್ಡ ಶತ್ರು ತುಕ್ಕು. ಕಬ್ಬಿಣದ ಮೊಳೆಗಳನ್ನು ಮೂರು ಪ್ರನಾಳಗಳಲ್ಲಿಟ್ಟು, ಗಾಳಿ ಮತ್ತು ನೀರು ಎರಡೂ ಸೇರಿದಲ್ಲಿ ಮಾತ್ರ ತುಕ್ಕು ಹಿಡಿಯುತ್ತದೆ ಎಂದು ತೋರಿಸುವ ಪ್ರಯೋಗವನ್ನು ನೀವೆಲ್ಲ ಮಾಡಿದ್ದೀರಿ. ಕಾರಿನ ಬಾಡಿಯಲ್ಲೂ ನಡೆಯುವುದು ಅದೇ. ಬಾಗಿಲಿನ ಕೆಳಗಂಚು, ಮಡ್‌ಗಾರ್ಡಿನ ಒಳಮೈ, ಕಾಲಿಡುವ ತಗಡು ಹೀಗೆ ನೀರು ನಿಲ್ಲುವ ಕಡೆಯೆಲ್ಲ ಕಬ್ಬಿಣವು ಜಲಯುಕ್ತ ಆಕ್ಸೈಡಾಗಿ ಉಬ್ಬಿ ಪದರು ಪದರಾಗಿ ಉದುರುತ್ತದೆ. ಅವಸರದ ಕೆಲಸದವರು ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದುಬಿಡುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಒಳಗಿನಿಂದ ಮತ್ತೆ ತಲೆಯೆತ್ತುತ್ತದೆ. ಬಲ್ಲವರು ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಹೊಸ ತಗಡು ಬೆಸೆದು, ತುಕ್ಕು ನಿರೋಧಕ ಪ್ರೈಮರ್ ಹಚ್ಚಿದ ನಂತರವೇ ಬಣ್ಣದ ಮಾತೆತ್ತುತ್ತಾರೆ.

ಸಣ್ಣ ಭಾಗಗಳ ತುಕ್ಕು ಬಿಡಿಸಲು ವಿದ್ಯುದ್ವಿಭಜನೆಯ ಉಪಾಯವೂ ಇದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕದಡಿದ ನೀರು, ಬ್ಯಾಟರಿ ಚಾರ್ಜರಿನ ಋಣ ತುದಿಗೆ ತುಕ್ಕು ಹಿಡಿದ ಭಾಗ, ಧನ ತುದಿಗೆ ಬೇಡವಾದ ಕಬ್ಬಿಣದ ತುಂಡು. ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲಾಗಿ ಬ್ರಶ್ಶಿಗೆ ಬಿಟ್ಟುಬರುತ್ತದೆ. ಆಗ ಹೊರಡುವ ಜಲಜನಕ ಬೆಂಕಿ ತಗುಲಿದರೆ ಸಿಡಿಯುವ ಅನಿಲ. ಆದ್ದರಿಂದ ಇದನ್ನು ಬಯಲಿನಲ್ಲಿ, ದೊಡ್ಡವರ ಎದುರಿನಲ್ಲಿ ಮಾತ್ರ ಮಾಡಬೇಕು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಲೇಬಾರದು; ಅದರೊಳಗಿನ ಕ್ರೋಮಿಯಂ ವಿಷಕಾರಿ ಸಂಯುಕ್ತವಾಗಿ ನೀರಿಗೆ ಸೇರುತ್ತದೆ. ಬಂಪರಿನ ಹೊಳಪು ಕೂಡ ವಿದ್ಯುದ್ವಿಭಜನೆಯದೇ ಕೊಡುಗೆ. ತಾಮ್ರ, ಅದರ ಮೇಲೆ ನಿಕ್ಕಲ್, ಅದರ ಮೇಲೆ ತೆಳುವಾದ ಕ್ರೋಮಿಯಂ ಲೇಪ.

ಇನ್ನು ಎಂಜಿನ್. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿರುತ್ತವೆ. ಸೆಲ್ಫ್ ಹೊಡೆದು ಬಲವಂತ ಮಾಡಿದರೆ ರಿಂಗು ಮುರಿಯುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ರಂಧ್ರದಿಂದ ಎಣ್ಣೆ ಬಿಟ್ಟು, ಕೆಲವು ದಿನ ತಾಳಿ, ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡುವುದು ಹಳೆಯ ಮಿಸ್ತ್ರಿಗಳ ಕ್ರಮ. ಈ ಹವ್ಯಾಸದಲ್ಲಿ ತಾಳ್ಮೆಯೂ ಒಂದು ಉಪಕರಣ!

ಹಳೆಯ ಕಾರಿನಲ್ಲಿ ಕಂಪ್ಯೂಟರ್ ಇಲ್ಲ. ಭೌತಶಾಸ್ತ್ರದ ನಿಯಮಗಳು ಕಣ್ಣಿಗೆ ಕಾಣುವಂತೆಯೇ ಕೆಲಸ ಮಾಡುತ್ತವೆ. ಕಾರ್ಬುರೇಟರಿನ ಕಿರಿದಾದ ಕೊರಳಿನಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕುಸಿಯುತ್ತದೆ, ಪೆಟ್ರೋಲು ತಾನಾಗಿಯೇ ಚಿಮ್ಮಿ ಗಾಳಿಯೊಡನೆ ಬೆರೆಯುತ್ತದೆ. ಇದು ಬರ್ನೌಲಿಯ ತತ್ವ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು ತೆರೆದ ಕ್ಷಣ ಇಗ್ನಿಷನ್ ಕಾಯಿಲಿನ ವಿದ್ಯುತ್ ಕಡಿದು, 12 ವೋಲ್ಟು ಸಾವಿರಾರು ವೋಲ್ಟುಗಳಾಗಿ ಪ್ಲಗ್ಗಿನಲ್ಲಿ ಕಿಡಿ ಹಾರಿಸುತ್ತದೆ. ಇದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆ. ಅಂಬಾಸಿಡರಿನಂತಹ ಕಾರುಗಳಲ್ಲಿ ಆ ಪಾಯಿಂಟಿನ ಅಂತರ ಸುಮಾರು ಇಂಚಿನ ಸಾವಿರದ 15 ಭಾಗ, ಎಂದರೆ 0.4 ಮಿಲಿಮೀಟರಿಗೂ ಕಡಿಮೆ. ಅಷ್ಟು ಸೂಕ್ಷ್ಮವನ್ನು ತೆಳುವಾದ ಗೇಜಿನಿಂದ ಅಳೆದು ಕೂರಿಸಿದ ಹುಡುಗನಿಗೆ 'ಅಳತೆ ಮತ್ತು ದೋಷ' ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ಬ್ರೇಕು ಪಾಸ್ಕಲನ ನಿಯಮದಂತೆ ನಡೆಯುತ್ತದೆ. ಪಾದದ ಒತ್ತಡ ದ್ರವದ ಮೂಲಕ ನಾಲ್ಕು ಚಕ್ರಗಳಿಗೂ ತಲುಪುತ್ತದೆ. ಹಳೆಯ ಕಾರಿನಲ್ಲಿ ಅದರ ರಬ್ಬರ್ ವಾಷರುಗಳು ಒಣಗಿ ಬಿರಿದಿರುತ್ತವೆ. ಹೊಸಬರು ಮೊದಲು ಬಣ್ಣಕ್ಕೆ ಮನಸ್ಸು ಕೊಡುತ್ತಾರೆ, ಅನುಭವಿಗಳು ಮೊದಲು ಬ್ರೇಕಿಗೆ. ಓಡಿಸುವ ಮೊದಲು ನಿಲ್ಲಿಸುವುದು ಗೊತ್ತಿರಬೇಕಲ್ಲವೇ? ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುವುದರಿಂದ ಅದರ ಧೂಳನ್ನು ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಪೆಟ್ರೋಲಿನ ವಿಷಯವೂ ರಸಾಯನಶಾಸ್ತ್ರದ ಪಾಠವೇ. ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತ ಸೇರಿಸುತ್ತಿದ್ದರು. ಅದು ವಾಲ್ವುಗಳ ಪೀಠಕ್ಕೆ ತೆಳುವಾದ ರಕ್ಷಣೆಯನ್ನೂ ಕೊಡುತ್ತಿತ್ತು. ಸೀಸ ಮಕ್ಕಳ ಮಿದುಳಿಗೆ ವಿಷವಾದ್ದರಿಂದ 2000ದಲ್ಲಿ ದೇಶದಾದ್ಯಂತ ಅದು ನಿಂತಿತು. ಆದ್ದರಿಂದ ಹಳೆಯ ಎಂಜಿನ್ನುಗಳಿಗೆ ಗಟ್ಟಿಯಾದ ವಾಲ್ವ್ ಪೀಠಗಳನ್ನು ಕೂರಿಸುವುದುಂಟು. ಈಗ ಬಂಕುಗಳಲ್ಲಿ ದೊರೆಯುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರ್ ಕೊಳವೆಗಳನ್ನು ಉಬ್ಬಿಸಿ ಕೆಡಿಸುತ್ತದೆ. ಅದಕ್ಕೆ ತಾಳಿಕೊಳ್ಳುವ ಕೊಳವೆ ಹಾಕಿಸುವುದು, ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲು ಬಿಡದಿರುವುದು ಈಗಿನ ಹವ್ಯಾಸಿಗಳ ಎಚ್ಚರಿಕೆ.

ಒಬ್ಬರಿಂದ ಆಗುವ ಕೆಲಸವಲ್ಲ

ಕಾರು ಬಿಚ್ಚುವುದು ಒಂದು ವಾರದ ಕೆಲಸ, ಜೋಡಿಸುವುದು ಒಂದೆರಡು ವರ್ಷದ್ದು ಎಂದರೆ ಉತ್ಪ್ರೇಕ್ಷೆಯಲ್ಲ. ಬಿಚ್ಚುವಾಗಲೇ ಪ್ರತಿ ಹಂತದ ಫೋಟೊ ತೆಗೆದು, ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಬ್ರಿಟಿಷ್ ಮೂಲದ ಅಂಬಾಸಿಡರಿಗೆ ಇಂಚಿನ ಪಾನಾ, ಇಟಲಿ ಮೂಲದ ಫಿಯೆಟ್ಟಿಗೆ ಮಿಲಿಮೀಟರ್ ಪಾನಾ. ಇದು ಗೊತ್ತಿಲ್ಲದೆ ಕೈ ಹಾಕಿದರೆ ಬೋಲ್ಟಿನ ತಲೆ ಸವೆಯುತ್ತದೆ. ಹಳೆಯ ಬ್ರಿಟಿಷ್ ವಿನ್ಯಾಸದ ಅನೇಕ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯೇ ಬಾಡಿಗೆ ಸೇರಿರುತ್ತದೆ. ತಿಳಿಯದೆ ಇಂದಿನ ಪದ್ಧತಿಯಂತೆ ಜೋಡಿಸಿದರೆ ಕೆಲವು ಉಪಕರಣಗಳು ಸುಟ್ಟುಹೋಗುತ್ತವೆ.

ಇಂತಹ ಸೂಕ್ಷ್ಮಗಳು ಪುಸ್ತಕಕ್ಕಿಂತ ಹೆಚ್ಚಾಗಿ ಜನರ ಬಳಿ ಇವೆ. ಆದ್ದರಿಂದಲೇ ಹವ್ಯಾಸಿಗಳು ಗುಂಪು ಕಟ್ಟಿಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ 1905ಕ್ಕಿಂತ ಹಿಂದಿನ ಕಾರುಗಳು ಪ್ರತಿ ವರ್ಷ ಲಂಡನ್ನಿನಿಂದ ಬ್ರೈಟನ್‌ವರೆಗೆ ಓಡುತ್ತವೆ. ದೆಹಲಿಯಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕೆ 1964ರಲ್ಲಿಯೇ ಹಳೆಯ ಕಾರುಗಳ ರ್‍ಯಾಲಿ ಆರಂಭಿಸಿತು. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ಇಂತಹ ಬಳಗಗಳಲ್ಲಿ ವೈದ್ಯರು, ವ್ಯಾಪಾರಿಗಳು, ನೌಕರರು ಎಲ್ಲರೂ ಉಂಟು. ಒಬ್ಬರ ಬಳಿ ಹೆಚ್ಚಿಗೆ ಇರುವ ಬಾಗಿಲ ಹಿಡಿ ಇನ್ನೊಬ್ಬರಿಗೆ ಹೋಗುತ್ತದೆ. ಒಬ್ಬರು ಕಷ್ಟಪಟ್ಟು ಕಂಡುಕೊಂಡ ಉಪಾಯ ಎಲ್ಲರದಾಗುತ್ತದೆ. ಬಿಡಿಭಾಗಕ್ಕಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆ, ಸಿಕಂದರಾಬಾದಿನ ರಾಣಿಗಂಜ್ ಸುತ್ತುವುದೂ ಈ ಹವ್ಯಾಸದ ಒಂದು ಸಂತೋಷವೇ. ಎಲ್ಲೂ ಸಿಗದಿದ್ದರೆ ಲೇತ್ ಕೆಲಸದವರೇ ಗತಿ.

ಆದರೆ ಒಂದು ಚಿಂತೆಯಿದೆ. 2000ದ ಹೊತ್ತಿಗೆ ನಮ್ಮ ಕಾರುಗಳಿಗೆ ಕಾರ್ಬುರೇಟರಿನ ಬದಲು ಕಂಪ್ಯೂಟರ್ ಹತೋಟಿಯ ಇಂಧನ ಪೂರೈಕೆ ಬಂದಿತು. ಕಿವಿಗೊಟ್ಟು ಎಂಜಿನ್ನಿನ ಸದ್ದು ಕೇಳಿಯೇ ಕಾರ್ಬುರೇಟರ್ ಹೊಂದಿಸುವ ಮಿಸ್ತ್ರಿಗಳು, ಸುತ್ತಿಗೆಯಿಂದಲೇ ತಗಡಿನ ಉಬ್ಬು ತಗ್ಗು ತಿದ್ದುವ ಟಿಂಕರುಗಳು, ಡೈನಮೊ ಸುತ್ತುವವರು ಈಗ ವಯಸ್ಸಾದವರು. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಈ ಹಿರಿಯರ ಕೈಯಲ್ಲಿರುವ ವಿದ್ಯೆಯನ್ನು ಯಾರೂ ಬರೆದಿಟ್ಟಿಲ್ಲ. ಕಾರು ತುಕ್ಕು ಹಿಡಿದರೆ ಮತ್ತೆ ಮಾಡಬಹುದು. ಕೈಯ ಕಸುಬು ಹೋದರೆ ಮತ್ತೆ ತರುವುದು ಹೇಗೆ? ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಅಂತಹವರ ಬಳಿ ಕುಳಿತು ನೋಡಿ, ಕೇಳಿ, ಚಿತ್ರ ಸಹಿತ ಬರೆದಿಟ್ಟರೆ ಅದಕ್ಕಿಂತ ಒಳ್ಳೆಯ ವಿಜ್ಞಾನ ಪ್ರಾಜೆಕ್ಟ್ ಇನ್ನೊಂದಿಲ್ಲ.

ಮೂಲ ರೂಪವೋ, ಹೊಸ ವೇಷವೋ?

ಹವ್ಯಾಸಿಗಳಲ್ಲಿ ಎರಡು ಪಂಗಡಗಳಿವೆ. ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗೆಯೇ ಇರಬೇಕು ಎನ್ನುವವರು ಒಂದು ಕಡೆ. ಹಳೆಯ ಬಾಡಿಗೆ ಹೊಸ ಎಂಜಿನ್, ಅಗಲವಾದ ಟೈರು, ಗರ್ಜಿಸುವ ಸೈಲೆನ್ಸರ್ ಬೇಕು ಎನ್ನುವವರು ಇನ್ನೊಂದು ಕಡೆ. ಹರೆಯದವರಿಗೆ ಎರಡನೆಯದೇ ಹೆಚ್ಚು ಆಕರ್ಷಕ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಕಾನೂನು ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿ ನೋಂದಣಿ ಪುಸ್ತಕದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ, ಅಕ್ರಮ ಬದಲಾವಣೆ ಮಾಡಿದ ಮಾಲೀಕರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಉಂಟು. ದಂಡಕ್ಕಿಂತ ದೊಡ್ಡದು ಪ್ರಾಣ. 40 ಅಶ್ವಶಕ್ತಿಯ ಎಂಜಿನ್ನಿಗೆಂದು ಮಾಡಿದ ಬ್ರೇಕು, ಸ್ಟೀರಿಂಗು, ಕಮಾನು ಪಟ್ಟಿಗಳು ಅದರ ಎರಡರಷ್ಟು ಶಕ್ತಿಯ ಎಂಜಿನ್ನನ್ನು ಹೇಗೆ ತಡೆದಾವು? ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬ ಸೂತ್ರ ಪರೀಕ್ಷೆಗೆ ಮಾತ್ರವಲ್ಲ, ರಸ್ತೆಗೂ ಅನ್ವಯಿಸುತ್ತದೆ.

ಇನ್ನೊಂದೆಡೆ ಮೂಲ ರೂಪ ಉಳಿಸಿಕೊಂಡವರಿಗೆ ಕಾನೂನು ಮನ್ನಣೆ ಕೊಟ್ಟಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ 50 ವರ್ಷ ಮೀರಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು 'ವಿಂಟೇಜ್' ಎಂದು ನೋಂದಣಿಯಾಗಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಸಂಖ್ಯೆಯಲ್ಲಿ 'ವಿಎ' ಎಂಬ ಗುರುತು. ಷರತ್ತು ಒಂದೇ: ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಮೂಲ ಸ್ವರೂಪ ಕೆಡಿಸುವ ಬದಲಾವಣೆ ಆಗಿರಬಾರದು. ನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವಂತಹ ಕಾರಣಗಳಿಗೆ ರಸ್ತೆಗಿಳಿಸಬಹುದು.

ಹಾಗಾದರೆ ಏನನ್ನೂ ಬದಲಿಸಬಾರದೇ? ಅನುಭವಿಗಳು ಹೇಳುವ ಸೂತ್ರ ಸರಳವಾಗಿದೆ. ನಾಳೆ ತೆಗೆದು ಮೊದಲಿನಂತೆ ಮಾಡಲು ಬರುವಂತಹ, ಸುರಕ್ಷತೆ ಹೆಚ್ಚಿಸುವ, ಕಾನೂನಿಗೆ ಒಪ್ಪುವ ಬದಲಾವಣೆಗಳು ಸರಿ. ಸೀಟ್ ಬೆಲ್ಟ್, ಒಳ್ಳೆಯ ಫ್ಯೂಸ್, ಹೊಸ ವೈರಿಂಗ್ ಇಂತಹವು. ಕತ್ತರಿಸಿ ತೆಗೆದದ್ದು ಮತ್ತೆ ಬರುವುದಿಲ್ಲ.

ಮೈಸೂರಿನ ಜಾವಾ

ಕಾರು ಕೈಗೆಟುಕದವರಿಗೆ ನಮ್ಮ ರಾಜ್ಯದ್ದೇ ಆದ ವಾಹನವೊಂದಿದೆ. ಜೆಕ್ ದೇಶದ ಜಾವಾ ಕಂಪನಿಯ ಸಹಯೋಗದಲ್ಲಿ 1960ರ ದಶಕದ ಆರಂಭದಲ್ಲಿ ಮೈಸೂರಿನ 'ಐಡಿಯಲ್ ಜಾವಾ' ಕಾರ್ಖಾನೆ ಮೋಟಾರ್ ಸೈಕಲ್ ತಯಾರಿಸತೊಡಗಿತು. ಮುಂದೆ ಅದಕ್ಕೆ 'ಯೆಜ್ಡಿ' ಎಂದು ಹೆಸರಾಯಿತು. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಭಿಮಾನಿಗಳು ಬಿಟ್ಟಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ತಮ್ಮ ಹಳೆಯ ಗಾಡಿಗಳೊಡನೆ ಸೇರಿ 'ಜಾವಾ ದಿನ' ಆಚರಿಸುತ್ತಾರೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇದರ ವಿಶೇಷ. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ವಿದ್ಯಾರ್ಥಿಗಳೇ, ಸಿಲಿಂಡರಿನ ಘನಫಲದ ಸೂತ್ರ ಹಾಕಿ ನೋಡಿ. ಸುಮಾರು 249 ಘನ ಸೆಂ.ಮೀ. ಬಂತೇ? '250 ಸಿಸಿ' ಎಂದರೆ ಇದೇ.

ಪಾಲಕರಿಗೆ ಒಂದು ಮಾತು

ಕೈಗೆ ಗ್ರೀಸ್ ಮೆತ್ತಿಕೊಂಡು ಬಂದ ಮಗನನ್ನು 'ಗ್ಯಾರೇಜಿನಲ್ಲಿ ಪಾನಾ ತೊಳೆಯುತ್ತೀಯಾ?' ಎಂದು ಗದರಿಸುವ ಪಾಲಕರೇ ನಮ್ಮಲ್ಲಿ ಹೆಚ್ಚು. ಓದು ಮೊದಲು ಎಂಬುದು ಸರಿಯೇ. ಆದರೆ ಬಿಚ್ಚಿ ನೋಡುವ ಕುತೂಹಲ ಓದಿನ ವೈರಿಯಲ್ಲ. ಮಗಳಿಗೂ ಅದು ಇರಬಹುದು. ಆಕೆಯ ಕೈಗೂ ಪಾನಾ ಕೊಡಿ. ಮೊದಲಿಗೆ ಮನೆಯ ಹಳೆಯ ಸೈಕಲ್ಲು ಸಾಕು. ಬೇರಿಂಗ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಾಕಿ ಕೂರಿಸಲಿ. ಆಮೇಲೆ ಮೂಲೆಯಲ್ಲಿ ಬಿದ್ದ ಮೊಪೆಡ್ಡು. ಆಸಕ್ತಿ ಗಟ್ಟಿಯಾದರೆ ಎಸ್ಸೆಸ್ಸೆಲ್ಸಿ ನಂತರ ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ, ಡಿಪ್ಲೊಮಾದಲ್ಲಿ ಆಟೊಮೊಬೈಲ್ ವಿಭಾಗ ಇವೆ. ಹವ್ಯಾಸವಾಗಿಯೇ ಉಳಿದರೂ ನಷ್ಟವಿಲ್ಲ.

ಖರ್ಚಿನ ಬಗ್ಗೆ ಎಚ್ಚರ ಬೇಕು. ಹಳೆಯ ವಾಹನ ಕೊಳ್ಳುವ ಮೊದಲು ನೋಂದಣಿ ಪುಸ್ತಕ ಇದೆಯೇ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಅದರೊಡನೆ ಹೊಂದುತ್ತವೆಯೇ ಎಂದು ನೋಡಿರಿ. ಕಾಗದವಿಲ್ಲದ ವಾಹನ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಅದು ಎಂದೂ ರಸ್ತೆಗಿಳಿಯದು. ಗೇರಿನ ವಾಹನಕ್ಕೆ 18 ವರ್ಷ ತುಂಬಿ ಲೈಸೆನ್ಸ್ ಪಡೆಯುವವರೆಗೆ ಮಕ್ಕಳು ಬಿಚ್ಚಲಿ, ಜೋಡಿಸಲಿ, ಓಡಿಸುವುದು ಬೇಡ.

ಕೆಟ್ಟರೆ ಎಸೆ, ಹೊಸದು ತಾ ಎನ್ನುವ ಕಾಲವಿದು. ಇಂತಹ ದಿನಗಳಲ್ಲಿ ಐವತ್ತು ವರ್ಷದ ಯಂತ್ರವೊಂದನ್ನು ತಾನೇ ಕೈಯಾರೆ ಸರಿಪಡಿಸಿ, ಅದು ಮತ್ತೆ ಗುಡುಗುಟ್ಟಿ ಹೊಗೆಯುಗುಳಿದಾಗ ಹಿಗ್ಗಿದ ಹುಡುಗ ಯಾವ ವಸ್ತುವನ್ನೂ ಸುಲಭಕ್ಕೆ ಎಸೆಯಲಾರ. ಆ ಗುಣಕ್ಕೆ ಬೆಲೆ ಕಟ್ಟುವುದು ಹೇಗೆ?